ಇಪ್ಪತ್ತೆರಡು ಜನ, ಒಂದು ಮಿನಿ ಬಸ್, ಒಂದು ಶ್ರಾವಣ ಶನಿವಾರ: ಗೋಪಾಲಸ್ವಾಮಿ ಬೆಟ್ಟ–ಬಂಡೀಪುರ ಪ್ರವಾಸದ ಪ್ರಕರಣ ಅಧ್ಯಯನ

ಮೈಸೂರಿನಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸುಮಾರು 75 ಕಿಲೋಮೀಟರ್. ಬೆಟ್ಟದ ಬುಡದಿಂದ ಬಂಡೀಪುರದ ಸಫಾರಿ ಹೊರಡುವ ಮೇಲುಕಾಮನಹಳ್ಳಿಗೆ ಅರ್ಧ ಗಂಟೆಯ ದಾರಿ. ಕಾಗದದ ಮೇಲೆ ಇದಕ್ಕಿಂತ ಸಲೀಸಾದ ಒಂದು ದಿನದ ಪ್ರವಾಸ ಸಿಗುವುದಿಲ್ಲ: ಬೆಳಗ್ಗೆ ಮಂಜು, ಮಧ್ಯಾಹ್ನ ಕಾಡು, ರಾತ್ರಿ ಊಟಕ್ಕೆ ಮನೆ. ಆದರೂ ಇಲ್ಲಿಗೆ ಹೋಗಿ ಬಂದ ದೊಡ್ಡ ತಂಡಗಳನ್ನು ಕೇಳಿದರೆ ಬೆಟ್ಟದ ಮಾತಿಗಿಂತ ಮೊದಲು ಕ್ಯೂನ ಮಾತು ಬರುತ್ತದೆ. ಪ್ರಾಣಿ ಸಿಗಲಿಲ್ಲ ಎಂದು ದೂರುವವರು ಕೂಡ ಗಂಟೆ ಹಿಡಿದು ಲೆಕ್ಕ ಕೇಳಿದಾಗ ಒಪ್ಪಿಕೊಳ್ಳುತ್ತಾರೆ, ಪ್ರಾಣಿ ಬಂದ ಹೊತ್ತಿಗೆ ತಾವು ಬೇರೆಲ್ಲೋ ನಿಂತಿದ್ದೆವು ಎಂದು.

ಇಲ್ಲಿ ಬಿಡಿಸಿ ನೋಡುವ ದಿನ ಯಾವುದೋ ಒಂದೇ ತಂಡದ್ದಲ್ಲ. ಶ್ರಾವಣದ ಶನಿವಾರಗಳಲ್ಲಿ ಮೈಸೂರು ಕಡೆಯಿಂದ ಹೊರಡುವ ತಂಡಗಳಿಗೆ ಆಗುವುದನ್ನೆಲ್ಲ ಒಂದು ತಂಡದ ತಲೆಗೆ ಕಟ್ಟಿ ಮಾಡಿದ ಮಾದರಿ. ಗಂಟೆ, ನಿಮಿಷ, ತಲೆಯೆಣಿಕೆ ಮಾದರಿಗೆ ಸೇರಿದ್ದು. ಸ್ಥಳ, ದೂರ, ನಿಯಮ, ಪ್ರಾಣಿಗಳ ನಡವಳಿಕೆ ಇದ್ದದ್ದು ಇದ್ದ ಹಾಗೆ.

ತಂಡ ಮತ್ತು ಯೋಜನೆ

ಒಂದು ಬಡಾವಣೆಯ 22 ಜನ. ಅರವತ್ತು ದಾಟಿದವರು 5, ಮಕ್ಕಳು 4, ಉಳಿದವರು 13. ಚಾಲಕನನ್ನು ಬಿಟ್ಟು 25 ಸೀಟಿನ ಮಿನಿ ಬಸ್. ಬಾಡಿಗೆ ವಾಹನಕ್ಕೆ ದಿನಕ್ಕೆ 250–300 ಕಿ.ಮೀ. ಕನಿಷ್ಠ ಲೆಕ್ಕ ಹಿಡಿಯುವುದು ರೂಢಿ. ಈ ಸುತ್ತು ಎಲ್ಲ ಸೇರಿ 200 ಕಿ.ಮೀ. ಆಸುಪಾಸು. ಹಾಗಾಗಿ ದೂರದ ಚಿಂತೆ ಇಲ್ಲ, ಹೊತ್ತಿನದ್ದೇ ಎಲ್ಲ.

ಬರೆದಿಟ್ಟ ಯೋಜನೆ ಹೀಗಿತ್ತು: 5:00ಕ್ಕೆ ಹೊರಡುವುದು, ಗುಂಡ್ಲುಪೇಟೆಯಲ್ಲಿ ತಿಂಡಿ, 8:30ಕ್ಕೆ ಬೆಟ್ಟದ ಮೊದಲ ಬಸ್ಸು, 11:00ಕ್ಕೆ ಕೆಳಗೆ, ಸೂರ್ಯಕಾಂತಿ ಹೊಲ, ಬುತ್ತಿ ಊಟ, 2:30ರ ಸುಮಾರಿಗೆ ಸಫಾರಿ, 7:00ಕ್ಕೆ ಮೈಸೂರು. ಗಂಟೆಗಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾಲ್ಕು ಜನ ಕಾರಿನಲ್ಲಿ ಹೋದರೆ ಇದು ನಡೆದೇ ನಡೆಯುತ್ತದೆ. ಇಪ್ಪತ್ತೆರಡು ಜನರ ಕೈಯಲ್ಲಿ ಯಾಕೆ ಒಡೆಯಿತು ಎಂಬುದೇ ಈ ಪ್ರಕರಣ.

ಮೊದಲ ಎರಡು ಗಂಟೆ ಎಲ್ಲಿ ಹೋಯಿತು

ಹತ್ತಿಸಿಕೊಳ್ಳುವ ಜಾಗ ಮೂರು ಇಟ್ಟರು. ಒಂದೊಂದು ಜಾಗಕ್ಕೂ ತಿರುಗುವುದು, ಕಾಯುವುದು, "ಚಪ್ಪಲಿ ಮರೆತೆ" ಅನ್ನುವುದು ಸೇರಿ ಹದಿನೈದು ನಿಮಿಷ. ಊರು ಬಿಟ್ಟಾಗ 5:50. ಎಲ್ಲರೂ ಆಟೋ ಹಿಡಿದು ಒಂದೇ ಕಡೆ ಬಂದಿದ್ದರೆ ಆಟೋ ಖರ್ಚು ಹೋಗುತ್ತಿತ್ತು, ಮುಕ್ಕಾಲು ಗಂಟೆ ಉಳಿಯುತ್ತಿತ್ತು.

ನಂಜನಗೂಡು, ಬೇಗೂರು ದಾಟಿ 60 ಕಿ.ಮೀ. ದೂರದ ಗುಂಡ್ಲುಪೇಟೆಗೆ 7:15. ಇಲ್ಲಿ ದೋಸೆ ತಪ್ಪಾಯಿತು. ಇದು ತಮಾಷೆಯಲ್ಲ, ಲೆಕ್ಕ. ಸಣ್ಣ ಹೋಟೆಲಿನ ಕಾವಲಿಯ ಮೇಲೆ ಒಂದು ಸಲಕ್ಕೆ ಎಂಟು ಮಸಾಲೆ ದೋಸೆ, ಒಂದು ಸರದಿಗೆ ಆರೇಳು ನಿಮಿಷ. ಇಪ್ಪತ್ತೆರಡಕ್ಕೆ ಮೂರು ಸರದಿ, ನಡುವೆ ಬೇರೆ ಗಿರಾಕಿಗಳ ದೋಸೆ. ಮೊದಲಿಗರು ಕಾಫಿ ಕುಡಿದು ಎರಡನೇ ಕಾಫಿಗೆ ಕೂತಾಗ ಕೊನೆಯವರ ದೋಸೆ ಬಂತು. ಅಲ್ಲಿಂದ ಹೊರಟಾಗ 8:20. ಇಂಥ ದಿನ ಹಿಂದಿನ ರಾತ್ರಿಯೇ ಹೋಟೆಲಿಗೆ ಫೋನ್ ಮಾಡಿ "ಇಪ್ಪತ್ತೆರಡು ಪ್ಲೇಟ್ ಇಡ್ಲಿ–ವಡೆ, ಖಾರಾಬಾತ್" ಎಂದು ಹೇಳಿಡಬೇಕು. ಇಡ್ಲಿ ಒಂದೇ ಹಬೆಗೆ ಇಪ್ಪತ್ತೆರಡು ಪ್ಲೇಟ್ ಇಳಿಯುತ್ತದೆ. 25 ನಿಮಿಷಕ್ಕೆ ಎಲ್ಲರೂ ಕೈ ತೊಳೆದಿರುತ್ತಾರೆ.

ಮೂರನೆಯದು ಹೂವು. ಗುಂಡ್ಲುಪೇಟೆ–ಹಂಗಳ ಸುತ್ತಿನಲ್ಲಿ ಜುಲೈ, ಆಗಸ್ಟಿಗೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ರಸ್ತೆಗೇ ಬಂದು ನಿಂತಿರುತ್ತವೆ. ಯೋಜನೆಯಲ್ಲಿ ಇದು ಬೆಟ್ಟ ಇಳಿದ ಮೇಲೆ ಇತ್ತು. ಹಳದಿ ಕಂಡದ್ದೇ ಬಸ್ಸು ನಿಂತಿತು. ಹೊಲದ ಒಡೆಯರು ಫೋಟೊಗೆ ತಲೆಗಿಷ್ಟು ಅಂತ ಕೇಳುವುದುಂಟು. ಅದನ್ನು ಸುಲಿಗೆ ಎಂದು ಜಗಳ ಆಡುವವರೂ ಉಂಟು. ತುಳಿದ ಸಾಲಿನ ನಷ್ಟ ಅವರದು, ಕೊಟ್ಟು ಬದುವಿನ ಮೇಲೆ ನಡೆಯಬೇಕು, ಅಷ್ಟೇ. ಅಂದಹಾಗೆ ಬಲಿತ ಸೂರ್ಯಕಾಂತಿ ದಿನವಿಡೀ ಸೂರ್ಯನ ಹಿಂದೆ ತಿರುಗುವುದಿಲ್ಲ. ಮೊಗ್ಗಿನ ಕಾಲದ ಆ ಆಟ ಮುಗಿದ ಮೇಲೆ ಮುಖ ಪೂರ್ವಕ್ಕೇ ನಿಂತುಬಿಡುತ್ತದೆ. ಹಾಗಾಗಿ ಹೊಲದ ಪೂರ್ವ ಬದುವಿನಲ್ಲಿ ನಿಂತರೆ ಹೂವಿನ ಮುಖ, ಪಶ್ಚಿಮದಲ್ಲಿ ನಿಂತರೆ ಬೆನ್ನು. ಮಧ್ಯಾಹ್ನದೊಳಗೆ ಬಂದರೆ ಬೆಳಕೂ ಸರಿ ಇರುತ್ತದೆ. ಅಂದರೆ 11 ಗಂಟೆಗೆ ಬಂದರೂ ಈ ಫೋಟೊ ಸಿಗುತ್ತಿತ್ತು. 8:35ಕ್ಕೆ ನಿಂತು ಕಳೆದುಕೊಂಡ 35 ನಿಮಿಷಕ್ಕೆ ಮುಂದಿನ ಗೇಟಿನಲ್ಲಿ ಬಡ್ಡಿ ಸಮೇತ ಕೊಡಬೇಕಾಯಿತು.

ಗೇಟಿನಲ್ಲಿ: ಸೀಟಿನ ಲೆಕ್ಕ

ಹಂಗಳದಲ್ಲಿ ಊಟಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿ ಕೆಲವು ಕಿಲೋಮೀಟರ್ ಹೋದರೆ ಬೆಟ್ಟದ ಬುಡದ ಅರಣ್ಯ ಚೆಕ್‌ಪೋಸ್ಟ್. ಖಾಸಗಿ ವಾಹನ ಇಲ್ಲಿಗೆ ಕೊನೆ. ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸೇ, ತಿರುವಿನ ಮೇಲೆ ತಿರುವಿನ ನಾಲ್ಕೈದು ಕಿ.ಮೀ. ಏರು. ಬೆಳಗ್ಗೆ ಸುಮಾರು 8:30ಕ್ಕೆ ಶುರು, ಸಂಜೆ 4ರ ಹೊತ್ತಿಗೆ ಬಂದ್. ಬೆಟ್ಟ ಹುಲಿ ಮೀಸಲಿನ ಒಳಗೇ ಇರುವುದರಿಂದ ಈ ಏರ್ಪಾಡು. ಇದಕ್ಕೆ ಗೊಣಗುವವರು ಹಿಂದೆ ಆ ಕಿರಿದಾದ ಘಟ್ಟದಲ್ಲಿ ಕಾರಿಗೆ ಕಾರು ಮೂತಿ ಕೊಟ್ಟು ನಿಲ್ಲುತ್ತಿದ್ದ ಭಾನುವಾರಗಳನ್ನು ನೆನೆಸಿಕೊಂಡರೆ ಸಾಕು.

ತಂಡ ಗೇಟು ಮುಟ್ಟಿದ್ದು 9:25ಕ್ಕೆ. ಶ್ರಾವಣ ಶನಿವಾರ, ವಿಷ್ಣುವಿನ ಗುಡಿ. ಭಕ್ತರು ಸುತ್ತಲ ಹಳ್ಳಿಗಳಿಂದ ಬೆಳಕು ಹರಿಯುವ ಮೊದಲೇ ಬಂದು ಸಾಲು ಹಿಡಿದಿರುತ್ತಾರೆ. ಅವರ ಪಾಲಿಗೆ ಇದು ಹರಕೆಯ ದಿನ, ತಂಡದ ಪಾಲಿಗೆ ರಜೆಯ ದಿನ. ಸಾಲು ಮಾತ್ರ ಒಂದೇ. ಪ್ರವಾಸಕ್ಕೆ ಈ ದಿನವನ್ನೇ ಆರಿಸಿದ್ದು ಇಡೀ ಯೋಜನೆಯ ಅತಿ ದೊಡ್ಡ ತಪ್ಪು. ಮಾರ್ಚ್–ಏಪ್ರಿಲ್ ಸುಮಾರಿಗೆ ಬರುವ ರಥೋತ್ಸವದ ದಿನಗಳಿಗೂ ಇದೇ ಮಾತು.

ಇಪ್ಪತ್ತೆರಡು ಜನ ಒಟ್ಟಿಗೆ ಸಾಲಿನಲ್ಲಿ ನಿಂತರೂ ಒಟ್ಟಿಗೆ ಬಸ್ಸು ಹತ್ತಲಾರರು. ಬಂದ ಬಸ್ಸಿನಲ್ಲಿ ಉಳಿದದ್ದು 9 ಸೀಟು. "ಎಲ್ಲರೂ ಒಟ್ಟಿಗೇ ಹೋಗೋಣ" ಎಂದು ಒಂಬತ್ತನ್ನೂ ಬಿಟ್ಟರು. ಮುಂದಿನದರಲ್ಲಿ 14. ಕಡೆಗೆ ಒಡೆಯಲೇಬೇಕಾಯಿತು: 14 ಜನ 10:20ಕ್ಕೆ, 8 ಜನ 10:45ಕ್ಕೆ. ಮೊದಲೇ ಒಡೆದಿದ್ದರೆ ಒಂಬತ್ತು ಜನ ಹತ್ತಕ್ಕೆ ಮೊದಲೇ ಮೇಲಿರುತ್ತಿದ್ದರು.

ದೊಡ್ಡ ತಂಡ ಅನ್ನುವುದು ಒಂದು ವಾಹನ ತುಂಬುವ ಸಂಖ್ಯೆ; ಆ ವಾಹನದಿಂದ ಇಳಿದ ಕೂಡಲೇ ಅದು ಎಲ್ಲಿಯೂ ಹಿಡಿಸದ ಸಂಖ್ಯೆ. ಕಾವಲಿ, ಘಟ್ಟದ ಬಸ್ಸು, ಸಫಾರಿ, ಎಲ್ಲ ಕಡೆ ಅದು ಎರಡು ಮೂರು ಸರದಿಯಾಗಿ ಒಡೆಯುತ್ತದೆ. ಒಡೆಯುವುದನ್ನು ಮನೆಯಲ್ಲೇ ಮಾಡಿಕೊಂಡು ಬರಬೇಕು. 22 ಜನಕ್ಕೆ ಮೂರು ಗುಂಪು: 8, 7, 7. ಒಂದೊಂದರಲ್ಲಿ ಒಬ್ಬ ಮುಂದಾಳು, ಹಿರಿಯರಿಗೂ ಮಕ್ಕಳಿಗೂ ಹೊಂದುವ ಒಬ್ಬಿಬ್ಬರು, ಬೇರೆ ಬೇರೆಯಾಗಿ ಎಣಿಸಿಟ್ಟ ದುಡ್ಡು, ಸ್ವಂತ ನೀರು, ಸ್ವಂತ ಬುತ್ತಿ. ಸೀಟು ಸಿಕ್ಕ ಗುಂಪು ಹೊರಟೇಬಿಡುವುದು. ಮೇಲೆ ಸೇರುವ ಜಾಗ ಮತ್ತು ಇಳಿಯುವ ಗಂಟೆ ಕೆಳಗೇ ತೀರ್ಮಾನ ಆಗಿರಬೇಕು. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಂಡು "ಫೋನ್ ಮಾಡ್ತೀನಿ" ಅನ್ನುವುದು ಬೇಡ.

ಬೆಟ್ಟದ ಮೇಲೆ

ಬೆಟ್ಟದ ಎತ್ತರ 1,454 ಮೀಟರ್. ಗುಂಡ್ಲುಪೇಟೆಗಿಂತ ಆರುನೂರು ಮೀಟರಿಗೂ ಮೇಲೆ. ನೂರು ಮೀಟರಿಗೆ 0.6–0.7 ಡಿಗ್ರಿ ತಂಪು ಎಂಬ ಲೆಕ್ಕದಲ್ಲಿ ಕೆಳಗಿನ 24 ಡಿಗ್ರಿ ಮೇಲೆ 20. ಗಾಳಿ, ಒದ್ದೆ ಮಂಜು ಸೇರಿದರೆ ಮೈಗೆ ತಾಗುವುದು ಇನ್ನೂ ಕಡಿಮೆ. ತಂಡದ ಸ್ವೆಟರುಗಳು ಮಿನಿ ಬಸ್ಸಿನ ಡಿಕ್ಕಿಯಲ್ಲಿ, ಅಂದರೆ ಬೆಟ್ಟದ ಬುಡದಲ್ಲಿ ಉಳಿದಿದ್ದವು.

ಮಂಜು ಯಾಕೆ ಇಲ್ಲಿ ಇಷ್ಟು ಎಂದರೆ ನೈರುತ್ಯ ಮಾರುತ ವಯನಾಡಿನ ಕಡೆಯಿಂದ ತೇವ ಹೊತ್ತು ಬರುತ್ತದೆ. ಕೆಳಗಿನ ಬಂಡೀಪುರ ಬಹುಮಟ್ಟಿಗೆ ಮಳೆನೆರಳಿನ, ಎಲೆಯುದುರುವ ಒಣ ಕಾಡು, ಆದರೆ ಸುತ್ತಲಿಗಿಂತ ಎದ್ದು ನಿಂತ ಈ ಬೆಟ್ಟಕ್ಕೆ ತಾಗಿದ ಗಾಳಿ ಮೇಲೇರಿ ತಣ್ಣಗಾಗಿ ಅಲ್ಲೇ ಮೋಡವಾಗುತ್ತದೆ. ಹಿಮವದ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕೊಳಲು ಹಿಡಿದ ವೇಣುಗೋಪಾಲನ ಗರ್ಭಗುಡಿಯಲ್ಲೂ ಬೇಸಿಗೆಯಲ್ಲಿ ಕೂಡ ತೇವದ ತಂಪು. ಹಂಸತೀರ್ಥದಲ್ಲಿ ಮಿಂದ ಕಾಗೆಗಳು ಹಂಸವಾದವು, ಅದಕ್ಕೇ ಬೆಟ್ಟದಲ್ಲಿ ಕಾಗೆಯಿಲ್ಲ ಎಂಬ ಕತೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಇನ್ನೊಂದು ಸಂಗತಿ ಕಡಿಮೆ ಜನಕ್ಕೆ ಗೊತ್ತು: ಮೈಸೂರು ಮಹಾರಾಜರ ಕಾಲದಲ್ಲಿ ಇಲ್ಲಿ ಮಾಡಿದ ವನ್ಯಧಾಮದ ಹೆಸರು ವೇಣುಗೋಪಾಲ ವನ್ಯಧಾಮ. ಬಂಡೀಪುರ ಎಂದು ಈಗ ಕರೆಯುವ ಕಾಡಿಗೆ ಆ ಹಳೆಯ ಹೆಸರು ಕೊಟ್ಟವನು ಈ ದೇವರೇ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು.

ಹತ್ತೂವರೆಗೆ ಮೇಲೆ ಬಂದ 14 ಜನಕ್ಕೆ ಕಂಡದ್ದು ಗೋಪುರ, ಅದರಾಚೆ ಬಿಳಿ. ದರ್ಶನದ ಸಾಲು ಮುಗಿಸಿ, ಸುತ್ತ ಏನೂ ಕಾಣದೆ ಬೇಸತ್ತು, 11:30ಕ್ಕೆ ಇಳಿಯುವ ಬಸ್ಸಿನ ಸಾಲಿಗೆ ನಿಂತರು. 11:40ಕ್ಕೆ ಮಂಜು ಎದ್ದಿತು. ದಕ್ಷಿಣಕ್ಕೆ ಮಡಿಕೆ ಮಡಿಕೆಯಾಗಿ ಬೆಟ್ಟಸಾಲು, ಅದರ ಹಿಂದೆ ನೀಲಗಿರಿಯ ನೀಲಿ ಗೋಡೆ. ಈಚೆಯ ಹುಲ್ಲಿನ ಇಳಿಜಾರಿನಲ್ಲಿ ಮುನ್ನೂರು ನಾನೂರು ಮೀಟರ್ ದೂರಕ್ಕೆ ಮೂರು ಹೆಣ್ಣಾನೆ, ಒಂದು ಮರಿ. ಹನ್ನೆರಡು ನಿಮಿಷ. ಮತ್ತೆ ಬಿಳಿ. ಗುಡಿಯ ಹಿಂದಿನ ಕಟ್ಟೆಯ ಬಳಿ ಇದ್ದ ಎಂಟು ಜನ ನೋಡಿದರು. ಸಾಲಿನಲ್ಲಿದ್ದ ಹದಿನಾಲ್ವರು ಕೇಳಿದರು.

ಮಳೆಗಾಲದ ಮಂಜು ಇಲ್ಲಿ ಬಾಗಿಲಿನ ಹಾಗೆ ತೆರೆದು ಮುಚ್ಚುತ್ತದೆ. ಗಾಳಿ ಬೀಸಿದಾಗ ಹತ್ತು ನಿಮಿಷ, ಒಮ್ಮೊಮ್ಮೆ ಎರಡೇ ನಿಮಿಷ. ನವೆಂಬರ್–ಜನವರಿಯಲ್ಲಿ ಬಿಸಿಲೇರಿದ ಮೇಲೆ ಬಹುಪಾಲು ದಿನ ಪೂರ್ತಿ ತೆರೆಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಂಜಿಲ್ಲದಿದ್ದರೂ ಧೂಳು, ಕಾಳ್ಗಿಚ್ಚಿನ ಹೊಗೆ. 2019ರ ಫೆಬ್ರವರಿಯ ದೊಡ್ಡ ಬೆಂಕಿಯಲ್ಲಿ ಈ ಬೆಟ್ಟದ ವಲಯವೂ ಸುಟ್ಟಿತ್ತು. ನೋಟಕ್ಕೇ ಹೋಗುವವರು ನವೆಂಬರ್‌ನಿಂದ ಜನವರಿ ಆರಿಸಿಕೊಳ್ಳಲಿ. ಶ್ರಾವಣದಲ್ಲಿ ಹೋದರೆ ದರ್ಶನ ಮುಗಿದ ಮೇಲೆ ಕನಿಷ್ಠ ಮುಕ್ಕಾಲು ಗಂಟೆ ಸುಮ್ಮನೆ ಕೂರುವುದನ್ನು ವೇಳಾಪಟ್ಟಿಯಲ್ಲಿ ಬರೆದುಕೊಳ್ಳಬೇಕು. 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ) ದುರ್ಬೀನು ಗುಂಪಿಗೊಂದು ಇದ್ದರೆ ಆ ದೂರಕ್ಕೆ ಮರಿಯ ಸೊಂಡಿಲೂ ಕಾಣುತ್ತದೆ. ಫೋನಿನ ಜೂಮಿನಲ್ಲಿ ನಾಲ್ಕು ಕಪ್ಪು ಬಂಡೆ.

ಒಂಟಿ ಸಲಗ ಗುಡಿಯ ಅಂಗಳದ ತನಕ ಬಂದ ವಿಡಿಯೊಗಳು ಊರೆಲ್ಲ ಓಡಾಡಿವೆ. ಅವನ್ನು ನೋಡಿ ಬಂದವರು ಆನೆಗೆ ಪ್ರಸಾದ ತಿನ್ನಿಸುವ ಆಸೆ ಇಟ್ಟುಕೊಂಡಿರುತ್ತಾರೆ. ಉಪ್ಪು–ಬೆಲ್ಲದ ರುಚಿ ಹತ್ತಿದ ಕಾಡಾನೆ ಬಹಳ ಕಾಲ ಕಾಡಾನೆಯಾಗಿ ಉಳಿಯುವುದಿಲ್ಲ. ಆನೆ ಅಂಗಳಕ್ಕೆ ಬಂದರೆ ಗುಡಿಯ ಒಳಗೆ ಅಥವಾ ಬಸ್ಸಿನ ಒಳಗೆ. ಮೆಟ್ಟಿಲ ಮೇಲೆ ನಿಂತು ನೋಡುವುದು ಜಾಗವಲ್ಲ.

ಕೊನೆಯ ಗುಂಪು ಕೆಳಗಿಳಿದದ್ದು 1:20ಕ್ಕೆ.

ಬುತ್ತಿ, ಕೋತಿ

ಗೇಟಿನ ಪಕ್ಕದಲ್ಲೇ ಬುತ್ತಿ ಬಿಚ್ಚಿದರು. ಪುಳಿಯೋಗರೆ, ಮೊಸರನ್ನ, ಬಾಳೆಹಣ್ಣು; ಹಣ್ಣು ತೆಳ್ಳನೆಯ ಪ್ಲಾಸ್ಟಿಕ್ ಕವರಿನಲ್ಲಿ. ಕವರಿನ ಸರಸರ ಸದ್ದು ಪ್ರವಾಸಿ ತಾಣದ ಕೋತಿಗೆ ಊಟದ ಗಂಟೆ. ಹಿರಿಯರೊಬ್ಬರ ಕೈಯಿಂದ ಕವರು ಹೋಯಿತು; ಎಳೆದಾಡಿದ್ದಕ್ಕೆ ಮೊಣಕೈ ತರಚಿತು. ಅದು ಉಗುರಿನ ಗೀರು ಆಗಿದ್ದರೂ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆಯ ಮಾತಾಡಬೇಕು; "ಸಣ್ಣದು ಬಿಡಿ" ಅನ್ನುವ ಮಾತು ಇದಕ್ಕೆ ಸಲ್ಲದು. ಕೋತಿ ಹಿಡಿದದ್ದನ್ನು ಬಿಟ್ಟುಬಿಡುವುದು ಮೊದಲ ನಿಯಮ. ಅದಕ್ಕೂ ಮೊದಲಿನದು, ಕಾಡಂಚಿನಲ್ಲಿ ಊಟಕ್ಕೆ ಕೂರದೆ ಹಂಗಳದ ಕಡೆ ಬಂದು, ಮುಚ್ಚಳದ ಸ್ಟೀಲ್ ಡಬ್ಬಿಯಿಂದ ಉಣ್ಣುವುದು. ಶೌಚಾಲಯ ಬೇಕಾದವರು ಬೆಟ್ಟ ಹತ್ತುವ ಮೊದಲೇ ಮುಗಿಸಿಕೊಳ್ಳಲಿ. ಹಿರಿಯರಿರುವ ತಂಡದಲ್ಲಿ ಇದನ್ನು ಮುಂದಾಳು ಬಾಯಿಬಿಟ್ಟು ಹೇಳಬೇಕು, ಅವರಾಗಿ ಕೇಳುವುದಿಲ್ಲ.

ಸಫಾರಿ

ಮೇಲುಕಾಮನಹಳ್ಳಿಗೆ 2:35. ಹಿಂದೆ ಬಂಡೀಪುರದ ಒಳಗಿನ ಆವರಣದಿಂದ ಹೊರಡುತ್ತಿದ್ದ ಅರಣ್ಯ ಇಲಾಖೆಯ ಸಫಾರಿ ಈಗ ಕಾಡಿನ ಅಂಚಿನ ಈ ಜಾಗದಿಂದ. ಜನ, ವಾಹನ, ಗದ್ದಲ ಕಾಡಿನ ನಡುವೆ ಸೇರುವುದು ತಪ್ಪಿತು, ಒಳ್ಳೆಯದೇ ಆಯಿತು. ಹಳೆಯ ನಕ್ಷೆ ನಂಬಿ ನೇರ ಬಂಡೀಪುರಕ್ಕೆ ಹೋಗಿ ವಾಪಸು ಬರುವವರು ಇನ್ನೂ ಇದ್ದಾರೆ.

ಹೊರಡಲು ನಿಂತ ಬಸ್ಸಿನಲ್ಲಿ 13 ಸೀಟು. ಉಳಿದ 9 ಜನಕ್ಕೆ ಮುಂದಿನ ಸರದಿ. ಮೊದಲ ಬಸ್ಸಿಗೆ ಚುಕ್ಕೆ ಜಿಂಕೆಯ ಹಿಂಡು, ನವಿಲು, ಎರಡು ಕಾಟಿ (ಕಾಡುಕೋಣ), ಲಂಟಾನದ ಪೊದೆಯ ಮೇಲೆ ಒಂದು ಆನೆಯ ಬೆನ್ನು. ಎರಡನೆಯದಕ್ಕೆ ದಾರಿಯ ಮೇಲೇ ಆರು ಸೀಳುನಾಯಿ. ಹುಲಿ ಯಾರಿಗೂ ಇಲ್ಲ.

ಹುಲಿ ಯಾಕಿಲ್ಲ ಎಂಬುದಕ್ಕೆ ಅದೃಷ್ಟ ಎನ್ನುವುದು ಅರ್ಧ ಉತ್ತರ. 2022ರ ಗಣತಿಯಂತೆ ಬಂಡೀಪುರದೊಳಗೆ 150 ಹುಲಿ. ದೇಶದಲ್ಲಿ ಕಾರ್ಬೆಟ್ ಬಿಟ್ಟರೆ ಇದೇ ದೊಡ್ಡ ಸಂಖ್ಯೆ. ಆದರೆ ಸಫಾರಿಯ ದಾರಿ ಇಡೀ ಕಾಡಿನ ಒಂದು ಮೂಲೆ. ಆಗಸ್ಟಿನಲ್ಲಿ ಹಳ್ಳ ಹೊಂಡಗಳಲ್ಲೆಲ್ಲ ನೀರು ಇರುವುದರಿಂದ ಯಾವ ಪ್ರಾಣಿಯೂ ಕೆರೆಯಂಚಿಗೆ ಬರಲೇಬೇಕು ಎಂದಿಲ್ಲ. ದಾರಿಯಿಂದ ಮೂರು ಮೀಟರ್ ಆಚೆಗೆ ಲಂಟಾನ, ಎಳೆ ಹಸಿರು. ಹುಲಿ ಅಲ್ಲೇ ಮಲಗಿದ್ದರೂ ಕಾಣದು. ಹುಲಿಗೇ ಹೋಗುವವರು ಮಾರ್ಚ್–ಮೇ ತಿಂಗಳ ಬಿಸಿಲು ಸಹಿಸಬೇಕು. ಮಳೆಗಾಲದ ಲಾಭ ಬೇರೆ: ಹೊಸ ಹುಲ್ಲಿಗೆ ಜಿಂಕೆ, ಕಾಟಿ ಬಯಲಿಗೆ ಬರುತ್ತವೆ, ಬೆಳಕು ಮೆತ್ತಗೆ, ಧೂಳಿಲ್ಲ.

ಕಾಣುವ ವಿದ್ಯೆ ಸ್ವಲ್ಪ ಹೇಳಿಕೊಡಬಹುದು. ಕಾಡಿನಲ್ಲಿ ಗೆರೆಗಳೆಲ್ಲ ನೆಟ್ಟಗೆ. ಅಡ್ಡ ಗೆರೆ ಕಂಡರೆ ಅದು ಬಿದ್ದ ಮರ ಅಥವಾ ಒಂದು ಬೆನ್ನು. ಇಡೀ ಪ್ರಾಣಿಯನ್ನು ಹುಡುಕಬಾರದು, ಅಲುಗಿದ ಕಿವಿ, ಬೀಸಿದ ಬಾಲ ಸಾಕು. ಕಾಟಿಯ ಮೈ ನೆರಳಿನಲ್ಲಿ ಕರಗಿದರೂ ಮೊಣಕಾಲ ಕೆಳಗಿನ ಬಿಳಿ "ಕಾಲುಚೀಲ" ಕಾಣುತ್ತದೆ. "ಅಲ್ಲಿ, ಅಲ್ಲಿ!" ಎಂದು ಕೂಗಿದರೆ ಹದಿಮೂರು ಜನ ಹದಿಮೂರು ಕಡೆ ನೋಡುತ್ತಾರೆ. ಬಸ್ಸಿನ ಮೂತಿ ಹನ್ನೆರಡು ಗಂಟೆ ಎಂದಿಟ್ಟುಕೊಂಡು ಪಿಸುದನಿಯಲ್ಲಿ "ಎರಡು ಗಂಟೆ, ಮತ್ತಿಮರದ ಬುಡ" ಎಂದರೆ ಎಲ್ಲರ ಕಣ್ಣೂ ಅಲ್ಲಿಗೆ ಹೋಗುತ್ತದೆ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಮರದ ಮೇಲೆ ಮುಸುವ (ಕಪ್ಪು ಮೂತಿಯ ಕೋತಿ), ಕೆಳಗೆ ಜಿಂಕೆ ಒಟ್ಟಿಗೆ ಮೇಯುತ್ತಿದ್ದರೆ ಅಲ್ಲಿ ನಿಲ್ಲಿಸಿಕೊಂಡು ಕಿವಿಗೊಡಬೇಕು: ಮುಸುವ ಕಿತ್ತು ಬಿಸಾಡಿದ ಎಲೆ, ಕಾಯಿ ಜಿಂಕೆಗೆ ಮೇವು, ಮೇಲಿನ ಕಣ್ಣು ಕೆಳಗಿನವಕ್ಕೆ ಕಾವಲು. ಮುಸುವ ಖ್ಯಾಕ್ ಖ್ಯಾಕ್ ಎಂದು ಬಿಡದೆ ಕೆಮ್ಮಿ, ಜಿಂಕೆ ಕಾಲು ನೆಲಕ್ಕೆ ಬಡಿದು ಚೀರಿದರೆ ಹತ್ತಿರದಲ್ಲಿ ಹುಲಿಯೋ ಚಿರತೆಯೋ ನಡೆದಿದೆ.

ಮೊದಲ ಹದಿಮೂರು ಜನ ವಾಪಸು ಬಂದು ಒಂದೂವರೆ ಗಂಟೆ ಕಾದರು. ಸಫಾರಿ ಟಿಕೆಟಿಗೆ ಮೊದಲೇ ಬುಕಿಂಗ್ ಮಾಡಿಕೊಳ್ಳದೆ ಇಪ್ಪತ್ತೆರಡು ಜನ ಕೌಂಟರಿಗೆ ಬಂದರೆ ಇದು ಖಚಿತ.

ಸಂಜೆಯ ಸಲಗ

5:50ಕ್ಕೆ ಎಲ್ಲರೂ ಸೇರಿದರು. ನೇರ ಮನೆಗೆ ಹೊರಡಬೇಕಿತ್ತು. ಆದರೆ ಹೆದ್ದಾರಿಯಲ್ಲಿ ಬಂಡೀಪುರದವರೆಗೆ ಸುಮ್ಮನೆ ಹೋಗಿ ತಿರುಗಿ ಬರೋಣ, ಸಂಜೆ ಪ್ರಾಣಿ ರಸ್ತೆಗೆ ಬರುತ್ತವೆ ಎಂದರು. ಬರುತ್ತವೆ, ನಿಜ. ರಸ್ತೆಯ ಎರಡೂ ಅಂಚಿನಲ್ಲಿ ಪೊದೆ ಕಡಿದಿರುವುದರಿಂದ ಎಳೆ ಹುಲ್ಲು, ಮತ್ತು ನೋಡಲು ಅಡ್ಡಿಯಿಲ್ಲ. ಈ ದಾರಿಯಲ್ಲಿ ಓಡಾಡುವುದಕ್ಕೆ ರಾತ್ರಿ 9ರವರೆಗೆ ತಡೆಯಿಲ್ಲ. 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗುಂಡ್ಲುಪೇಟೆ–ಊಟಿ, ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ ಎರಡೂ ಹೆದ್ದಾರಿಗಳ ಕಾಡಿನ ಭಾಗ ಬಂದ್. ಆದರೆ ಹಗಲಲ್ಲೂ ಕಾಡೊಳಗೆ ವಾಹನ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. "ಪ್ರಾಣಿ ನೋಡಲು ಹೆದ್ದಾರಿ ಸುತ್ತು" ಎಂಬ ಯೋಜನೆಯ ಒಳಗೇ ನಿಯಮ ಮುರಿಯುವ ಆಸೆ ಕೂತಿದೆ.

ತಿರುಗಿ ಬರುವಾಗ 6:20. ಮುಂದೆ ಮೂರು ಕಾರು ನಿಂತಿವೆ, ಕಿಟಕಿಗಳಿಂದ ಫೋನು ಹಿಡಿದ ಕೈಗಳು. ಎಡಕ್ಕೆ, ಟಾರಿನಿಂದ ಹದಿನೈದು ಮೀಟರ್ ದೂರದಲ್ಲಿ ಒಂದು ಸಲಗ. ಮೇಯುತ್ತಿತ್ತು: ಕಿವಿ ನಿಧಾನ ಬೀಸು, ಬಾಲ ಸಡಿಲ. ಅಂಥ ಆನೆಯಿಂದ ಅಪಾಯ ಕಡಿಮೆ. ಹಿಂದಿನ ಯಾರೋ ಹಾರ್ನ್ ಹೊಡೆದರು. ಬೀಸು ನಿಂತಿತು. ಈ ನಿಲ್ಲುವುದೇ ಮೊದಲ ಎಚ್ಚರಿಕೆ. ಬಹಳ ಮಂದಿ ಇದನ್ನು "ಸುಮ್ಮನೆ ನಿಂತಿದೆ" ಎಂದು ಓದುತ್ತಾರೆ. ಆಮೇಲೆ ಮೈ ತಿರುಗಿತು, ಕಿವಿ ಅಗಲಕ್ಕೆ ಹರಡಿತು, ಮುಂಗಾಲು ಮಣ್ಣು ಕೆದಕಿತು, ನಾಲ್ಕು ಹೆಜ್ಜೆ ಓಡಿ ಬಂದು ನಿಂತಿತು. ಕಿವಿ ಹರಡಿ, ತಲೆ ಎತ್ತಿ, ಸದ್ದು ಮಾಡಿ ಬರುವುದು ಸಾಮಾನ್ಯವಾಗಿ ಹೆದರಿಸುವ ಓಟ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಒಳಕ್ಕೆ ಸುತ್ತಿ, ತಲೆ ತಗ್ಗಿಸಿ ಸದ್ದಿಲ್ಲದೆ ಬಂದರೆ ಅದು ನಿಜವಾದ ದಾಳಿ. ಕಣ್ಣಿಗೂ ಕಿವಿಗೂ ನಡುವಿನಿಂದ ಕಪ್ಪು ಸೋರಿಕೆ ಕೆನ್ನೆಗೆ ಇಳಿದಿದ್ದರೆ ಮದ; ಅಂಥದರ ಮುಂದೆ ಈ ಓದುಗಳನ್ನೆಲ್ಲ ನೆಚ್ಚಬಾರದು, ದೂರವೇ ಮದ್ದು.

ಎರಡನೆಯ ಕಾರು ಗಾಬರಿಯಲ್ಲಿ ಹಿಂದಕ್ಕೆ ಬಂದು ಮೂರನೆಯದಕ್ಕೆ ಗುದ್ದಿತು. ಒತ್ತೊತ್ತಿಗೆ ನಿಂತವರಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಮಿನಿ ಬಸ್ಸಿನ ಚಾಲಕ ಮಾಡಿದ್ದೆಲ್ಲ ಸರಿಯಾಗಿತ್ತು: ಐವತ್ತು ಮೀಟರ್ ಹಿಂದೆಯೇ ನಿಂತ, ಎಂಜಿನ್ ಆರಿಸಲಿಲ್ಲ, ಹಾರ್ನ್ ಮುಟ್ಟಲಿಲ್ಲ, ದೀಪ ಲೋ ಬೀಮಿಗೆ ಇಳಿಸಿದ, ಹಿಂದಿನ ವಾಹನಕ್ಕೆ ಕೈ ತೋರಿಸಿ ದೂರ ನಿಲ್ಲಿಸಿದ. ಎಂಜಿನ್ ಆರಿಸಬಾರದು ಏಕೆಂದರೆ ಬೇಕಾದಾಗ ಸರಿಯಲು ಆಗದು. ಜೊತೆಗೆ ಹತ್ತಿರ ಬಂದ ಆನೆಯ ಎದುರು ಹಠಾತ್ತಾಗಿ ಸ್ಟಾರ್ಟ್ ಆಗುವ ಸದ್ದು ನಿರಂತರ ಗುಂಯ್ ಸದ್ದಿಗಿಂತ ಕೆಟ್ಟದ್ದು. ತಪ್ಪಿದ್ದು ಒಳಗಿದ್ದವರು. ಇಪ್ಪತ್ತೆರಡು ಜನ ಎದ್ದು ಎಡಗಡೆಗೆ ನುಗ್ಗಿದರು, ಒಂದು ಫ್ಲಾಶ್ ಹೊಳೆಯಿತು. ಸಲಗ ನಾಲ್ಕು ನಿಮಿಷ ಯೋಚಿಸಿ ರಸ್ತೆ ದಾಟಿ ಹೋಯಿತು. ಹೋಗಲು ಜಾಗ ಬಿಟ್ಟರೆ ಆನೆ ಹೋಗುತ್ತದೆ. ಅದರ ದಾರಿಯ ಎರಡೂ ತುದಿಗೆ ವಾಹನ ನಿಂತರೆ ಎಲ್ಲಿಗೆ ಹೋದೀತು?

2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಜೊತೆ ಫೋಟೊ ಹಿಡಿಯಲು ವಾಹನ ಇಳಿದ ಪ್ರವಾಸಿಯೊಬ್ಬ ಅದರ ಕಾಲಿಗೆ ಸಿಕ್ಕಿ ಪಾರಾದ. ಇಲಾಖೆ 25,000 ರೂಪಾಯಿ ದಂಡವನ್ನೂ ಹಾಕಿತು. ಆ ವಿಡಿಯೊ ನೋಡಿದವರೇ ಈ ಮೂರು ಕಾರಿನಲ್ಲೂ ಇದ್ದರೆ ಆಶ್ಚರ್ಯವಿಲ್ಲ.

ಇದೇ ದಿನವನ್ನು ಮತ್ತೆ ಕಟ್ಟಿದರೆ

ದಿನ: ಮಂಗಳವಾರದಿಂದ ಗುರುವಾರದೊಳಗೆ ಒಂದು, ಶ್ರಾವಣ, ಜಾತ್ರೆ, ಸಾಲು ರಜೆ ಬಿಟ್ಟು. ವಾಹನ: ಒಂದು ಮಿನಿ ಬಸ್ಸಿನ ಬದಲು 12 ಸೀಟಿನ ಎರಡು ಟೆಂಪೊ ಟ್ರಾವೆಲರ್. ಬಾಡಿಗೆ ಸ್ವಲ್ಪ ಹೆಚ್ಚು, ಆದರೆ ಹಿರಿಯರ ವಾಹನ ಸಫಾರಿ ಮುಗಿದ ತಕ್ಷಣ ಮನೆಗೆ ತಿರುಗಬಹುದು. 4:45ಕ್ಕೆ ಒಂದೇ ಜಾಗದಿಂದ ಹೊರಟು, 6:15ಕ್ಕೆ ಹೇಳಿಟ್ಟ ಇಡ್ಲಿ ತಿಂದು, 7:45ಕ್ಕೆ ಬೆಟ್ಟದ ಗೇಟಿನಲ್ಲಿ ಇದ್ದರೆ ಮೊದಲ ಅಥವಾ ಎರಡನೇ ಬಸ್ಸಿನಲ್ಲಿ ಸೀಟು. ಸ್ವೆಟರು, ಸ್ಟೀಲ್ ಬಾಟಲಿ ಕೈಚೀಲದಲ್ಲಿ. ಮೇಲೆ ಎರಡು ಗಂಟೆ, ಅದರಲ್ಲಿ ಮುಕ್ಕಾಲು ಗಂಟೆ ಗುಡಿಯ ಹಿಂದೆ, ದಕ್ಷಿಣಕ್ಕೆ ಮುಖ ಮಾಡಿ. 11ಕ್ಕೆ ಕೆಳಗೆ, ಹೂವಿನ ಹೊಲ, ಹಂಗಳದ ಬಳಿ ಊಟ, 1:45ಕ್ಕೆ ಮೇಲುಕಾಮನಹಳ್ಳಿ. ಬುಕಿಂಗ್ ಎಲ್ಲರಿಗೂ ಒಂದೇ ಸರದಿಗೆ. 4:30ಕ್ಕೆ ಮನೆ ಕಡೆಗೆ.

ಬೆಳಗಿನ ಸಫಾರಿ, ಆಮೇಲೆ ಬೆಟ್ಟ ಎಂಬ ತಿರುವುಮುರುವು ಯೋಜನೆಯೂ ಇದೆ. ಪ್ರಾಣಿಯ ದೃಷ್ಟಿಯಿಂದ ಅದೇ ಮೇಲು. ಆದರೆ ಮೈಸೂರಿನಿಂದ ನಾಲ್ಕು ಗಂಟೆಗೇ ಹೊರಡಬೇಕು, ತಿಂಡಿ ಹತ್ತಕ್ಕೆ. ಐದು ವರ್ಷದ ಮಗು ಮತ್ತು ಎಪ್ಪತ್ತರ ಅಜ್ಜ ಇಬ್ಬರೂ ಇರುವ ತಂಡಕ್ಕೆ ಅದು ಬೇಡ.

ಇನ್ನು ಸಫಾರಿ ಇಲ್ಲದೆಯೂ ಹೋಗಬಹುದು. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಯಿಂದ ಜನ ಸತ್ತಾಗ ಸರ್ಕಾರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿತ್ತು. ಇಂಥ ಆದೇಶ ಯಾವಾಗ ಬೇಕಾದರೂ ಬರಬಹುದು; ಹಿಂದಿನ ದಿನ ವಿಚಾರಿಸಿಯೇ ಹೊರಡಬೇಕು. ಮುಚ್ಚಿದ್ದರೆ ಬೆಟ್ಟಕ್ಕೆ ಇನ್ನೊಂದು ಗಂಟೆ ಹೆಚ್ಚು ಕೊಟ್ಟು, ಮಧ್ಯಾಹ್ನ ಗುಂಡ್ಲುಪೇಟೆಯಲ್ಲಿ ಊಟ, ನಾಲ್ಕರ ಮೇಲೆ ತೆರೆಯುವ ಹೊತ್ತಿಗೆ ನಂಜನಗೂಡಿನ ಶ್ರೀಕಂಠೇಶ್ವರ ಗುಡಿ, ಕಪಿಲೆಯ ಸ್ನಾನಘಟ್ಟ. ಅಲ್ಲಿ ಇಪ್ಪತ್ತೆರಡು ಜನಕ್ಕೂ ಒಟ್ಟಿಗೆ ಕೂರಲು ಮೆಟ್ಟಿಲುಗಳಿವೆ.